ಗ್ಯಾರೇಜು ಕಟ್ಟೆ: ಇಂಜೆಕ್ಷನ್ ಗಾಡಿಯ ವೈರಿಂಗ್ ತಕರಾರು

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ರಾಗದವು. ಚೆಕ್ ಇಂಜಿನ್ ಲೈಟ್ ಹತ್ತಿತು, ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿದೆವು, ಅದರಲ್ಲಿ ಹೆಸರು ಬಂದ ಪಾರ್ಟ್ ಬದಲಿಸಿದೆವು, ದುಡ್ಡು ಹೋಯಿತು, ಲೈಟ್ ಮಾತ್ರ ಹೋಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಮೇಲೆ ಬಹುತೇಕ ಸ್ಕೂಟರ್, ಬೈಕುಗಳೂ ಕಾರ್ಬೊರೇಟರ್ ಬಿಟ್ಟು, ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ಗೆ ಬಂದಿವೆ. ಹಾಗಾಗಿ ಈ ಗೋಳು ಈಗ ಕಾರಿನವರದ್ದಷ್ಟೇ ಅಲ್ಲ.

ಕೆಳಗಿನ ಉತ್ತರಗಳಿಗೆ ಬೇಕಾದ ಸಾಮಾನು ಕಡಿಮೆ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಕಿಲೋ ಓಮ್ ರೆಸಿಸ್ಟರ್ ಸೇರಿಸಿದ ಎಲ್‌ಇಡಿ ಟೆಸ್ಟ್ ಲ್ಯಾಂಪ್, ಹೋಲ್ಡರ್ ಸಮೇತ ಇಂಡಿಕೇಟರಿನ 21 ವ್ಯಾಟ್ ಬಲ್ಬು, ಕಪ್ಲರಿನ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಸಾಕೆಟ್) ಹಿಂದಿನಿಂದ ತೂರಿಸಲು ನಾಲ್ಕು ತೆಳ್ಳನೆಯ ಗುಂಡುಸೂಜಿ. ವೈರಿನ ಮೈಗೆ ಚುಚ್ಚಿ ನೋಡುವ ಚಾಳಿ ಬೇಡ. ಇವತ್ತು ಚುಚ್ಚಿದ ತೂತಿನಲ್ಲಿ ಮುಂದಿನ ಮಳೆಗಾಲ ನೀರು ಇಳಿಯುತ್ತದೆ. 21 ವ್ಯಾಟ್ ಬಲ್ಬನ್ನು ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಜೋಡಿಸಿರುವಾಗ ಅದರ ಯಾವ ವೈರಿಗೂ ಮುಟ್ಟಿಸಬೇಡಿ.

ಪ್ರಶ್ನೆ: ನಮ್ಮದು 2014ರ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಮಳೆಗಾಲದಲ್ಲಿ ಹತ್ತು ದಿನ ಶೆಡ್ಡಿನಲ್ಲೇ ಇತ್ತು. ತೆಗೆದರೆ ಮಿಸ್ಸಿಂಗ್, ಕೋಡ್ ಪಿ0203. ಮೂರನೇ ಇಂಜೆಕ್ಟರ್ ಹೊಸದು ಹಾಕಿಸಿದೆವು. ಈಗಲೂ ಅದೇ ಕೋಡ್. ಇಸಿಎಂ ಬದಲಿಸಬೇಕೇ? (ಓದುಗರು, ತೀರ್ಥಹಳ್ಳಿ)

ಉತ್ತರ: ಇಸಿಎಂ ಮಾತು ಸದ್ಯಕ್ಕೆ ಬೇಡ. ಪಿ0203 ಎಂದರೆ ಮೂರನೇ ಸಿಲಿಂಡರಿನ ಇಂಜೆಕ್ಟರ್ ಸರ್ಕ್ಯೂಟಿನಲ್ಲಿ ದೋಷ ಎಂದಷ್ಟೇ ಅರ್ಥ. ಆ ಸರ್ಕ್ಯೂಟಿನಲ್ಲಿ ಇಂಜೆಕ್ಟರ್ ಒಂದು ತುಂಡು. ಉಳಿದದ್ದು ವೈರು, ಕಪ್ಲರ್, ಪಿನ್ನು. ಮಲೆನಾಡಿನ ಶೆಡ್ಡು, ಹತ್ತು ದಿನ ನಿಂತ ಗಾಡಿ ಎಂದು ನೀವೇ ಬರೆದಿದ್ದೀರಿ. ಇಲಿಯ ಮೇಲೆ ನಮ್ಮ ಮೊದಲ ಗುಮಾನಿ.

ಇಂಜೆಕ್ಟರಿಗೆ ಎರಡು ವೈರು. ಒಂದರಲ್ಲಿ ಮೇನ್ ರಿಲೇಯಿಂದ ಬಂದ 12 ವೋಲ್ಟ್ ನಿಂತಿರುತ್ತದೆ. ಇನ್ನೊಂದು ಇಸಿಎಂಗೆ ಹೋಗುತ್ತದೆ. ಇಸಿಎಂ ಆ ತುದಿಯನ್ನು ಎರಡು ಮೂರು ಮಿಲಿಸೆಕೆಂಡು ಅರ್ತ್ ಮಾಡಿದಾಗ (ಬ್ಯಾಟರಿ ನೆಗೆಟಿವ್ ಕಡೆಗೆ ಕೂಡಿಸಿದಾಗ) ಪೆಟ್ರೋಲ್ ಚಿಮ್ಮುತ್ತದೆ. ಅರ್ತ್ ಬಿಟ್ಟಾಗ ಅದೇ ವೈರಿನಲ್ಲಿ ಮತ್ತೆ ಬ್ಯಾಟರಿ ವೋಲ್ಟೇಜ್ ಕಾಣಬೇಕು. ಕಾಣದಿದ್ದರೆ ಇಸಿಎಂ ಕೋಡ್ ಬರೆಯುತ್ತದೆ. ದಾರಿಯಲ್ಲಿ ವೈರು ತುಂಡಾಗಿದ್ದರೆ ಹೊಸ ಇಂಜೆಕ್ಟರ್ ಹಾಕಿದರೂ ಅದಕ್ಕೆ ಕಾಣುವುದು ಅದೇ ಖಾಲಿ ವೈರು.

ಚಾವಿ ಆಫ್ ಮಾಡಿ ನಾಲ್ಕೂ ಇಂಜೆಕ್ಟರಿನ ಕಪ್ಲರ್ ತೆಗೆದು ಓಮ್ ಅಳೆಯಿರಿ. ಈ ತರಹದ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 11ರಿಂದ 16 ಓಮ್ ತೋರಿಸುತ್ತವೆ. ನಾಲ್ಕರ ನಡುವೆ ಒಂದು ಓಮಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಆಮೇಲೆ ಚಾವಿ ಆನ್ ಮಾಡಿ ಮೂರನೇ ಕಪ್ಲರಿನ ಎರಡು ಪಿನ್ನುಗಳಲ್ಲಿ ಒಂದರಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಇದು ಸೆಲ್ಫ್ ಹೊಡೆಯುವಾಗ ಮಾತ್ರ ಬರುತ್ತದೆ, ಇಲ್ಲವೆಂದು ಗಾಬರಿಯಾಗುವ ಮೊದಲು ಪಕ್ಕದ ಇಂಜೆಕ್ಟರಿನಲ್ಲೂ ನೋಡಿ. ಬೇರೆ ಮೂರಕ್ಕೆ ಬಂದು ಇದಕ್ಕೊಂದಕ್ಕೆ ಬರದಿದ್ದರೆ ಹಾರ್ನೆಸ್ಸಿನೊಳಗೆ (ವೈರುಗಳ ಕಟ್ಟು) ನಾಲ್ಕು ಕವಲಾಗುವ ಜಾಯಿಂಟಿನಿಂದ ಈಚೆಗೆ ತುಂಡಾಗಿದೆ.

ವೋಲ್ಟ್ ಸರಿ ಇದ್ದರೆ ಕಪ್ಲರಿನ ಎರಡು ಪಿನ್ನಿಗೆ ಎಲ್‌ಇಡಿ ಲ್ಯಾಂಪ್ ಕೊಟ್ಟು ಸೆಲ್ಫ್ ಹೊಡೆಸಿ. ಮಿಣಮಿಣ ಎಂದರೆ ಇಸಿಎಂ ಬದುಕಿದೆ, ವೈರೂ ಮುಟ್ಟಿದೆ. ಆದರೆ ಎಲ್‌ಇಡಿಗೆ ಬೇಕಾದ್ದು ಕೆಲವೇ ಮಿಲಿ ಆಂಪಿಯರ್, ಇಂಜೆಕ್ಟರಿಗೆ ಬೇಕಾದ್ದು ಒಂದು ಆಂಪಿಯರ್. ಇಲಿ ಕಡಿದು ಒಂದೇ ಎಳೆ ಉಳಿದಿದ್ದರೂ ಎಲ್‌ಇಡಿ ಖುಷಿಯಾಗಿ ಮಿಣುಕುತ್ತದೆ. ಅದಕ್ಕೇ ಬಲ್ಬಿನ ಪರೀಕ್ಷೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಇಸಿಎಂ ಕಪ್ಲರನ್ನೂ ಇಂಜೆಕ್ಟರ್ ಕಪ್ಲರನ್ನೂ ತೆಗೆದಿಡಿ. ಆ ಒಂದು ವೈರಿನ ಎರಡು ತುದಿಗಳ ಮೂಲಕ 21 ವ್ಯಾಟ್ ಬಲ್ಬನ್ನು ಬೇರೊಂದು ಬ್ಯಾಟರಿಯಿಂದ ಉರಿಸಿ. ಪೂರ್ತಿ ಪ್ರಕಾಶ ಬಂದರೆ ವೈರು ಗಟ್ಟಿ. ಮಂಕಾದರೆ, ಹಾರ್ನೆಸ್ ಅಲುಗಾಡಿಸಿದಾಗ ಕಣ್ಣು ಹೊಡೆದರೆ, ಜಾಗ ಸಿಕ್ಕಿತು. ಇಸಿಎಂ ಕಪ್ಲರಿನ ಸಣ್ಣ ಹೆಣ್ಣು ಪಿನ್ನುಗಳಿಗೆ ಮೀಟರಿನ ದಪ್ಪ ಕಡ್ಡಿ ತುರುಕಬೇಡಿ. ಅವು ಅಗಲವಾದರೆ ಇಲ್ಲದ ಹೊಸ ದೋಷವನ್ನು ನೀವೇ ತಂದಂತೆ.

ಎಲ್‌ಇಡಿ ಮಿಣುಕದೆ ಒಂದೇ ಸಮ ಉರಿಯುತ್ತಿದ್ದರೆ ಸೆಲ್ಫ್ ಹೊಡೆಯುವುದನ್ನು ತಕ್ಷಣ ನಿಲ್ಲಿಸಿ. ಇಸಿಎಂ ಕಡೆಯ ವೈರು ಎಲ್ಲೋ ಅರ್ತಿಗೆ ತಾಗಿದೆ ಎಂದು ಅರ್ಥ. ಹಾಗಿದ್ದಾಗ ಇಂಜೆಕ್ಟರ್ ಮುಚ್ಚುವುದೇ ಇಲ್ಲ; ಪೆಟ್ರೋಲ್ ಸಿಲಿಂಡರ್ ತುಂಬಿ ರಿಂಗುಗಳ ಪಕ್ಕದಿಂದ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಪ್ಲಗ್ ಬಿಚ್ಚಿ ಸಿಲಿಂಡರ್ ಖಾಲಿ ಮಾಡಿ, ಆಯಿಲ್ ಬದಲಿಸಿದ ಮೇಲೆಯೇ ಮುಂದಿನ ಕೆಲಸ.

ಇಲಿ ಕೂರುವ ಜಾಗ ಹೆಚ್ಚಾಗಿ ಇಂಜಿನ್ ಮೇಲಿನ ಪ್ಲಾಸ್ಟಿಕ್ ಕವರಿನ ಅಡಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂಬದಿ. ಅಕ್ಕಿಕಾಳು, ಅಡಿಕೆ ಸಿಪ್ಪೆ, ಹಿಕ್ಕೆ ಕಂಡರೆ ಅಲ್ಲೇ ಹುಡುಕಿ. ಕಡಿದ ವೈರಿನ ಎರಡೂ ತುದಿಯನ್ನು ಫಳಫಳ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಕಪ್ಪಾಗಿದ್ದರೆ ನೀರು ಒಳಗೆ ಹತ್ತಿದೆ. ಮಧ್ಯಕ್ಕೆ ಅದೇ ದಪ್ಪದ (0.5 ಅಥವಾ 0.75 ಚದರ ಮಿ.ಮೀ.) ವಾಹನದ ವೈರು ಹಾಕಿ, ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಎಳೆಯಿರಿ. ಎರಡು ಮೂರು ವೈರು ಕಡಿದಿದ್ದರೆ ಜಾಯಿಂಟುಗಳು ಒಂದರ ಪಕ್ಕ ಒಂದು ಬರದಂತೆ ಮೂರು ನಾಲ್ಕು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ. ಬೆಸುಗೆ ಹಾಕುವ ಕೆಲವರ ಕೈ ಚೆನ್ನಾಗಿಯೇ ಇರುತ್ತದೆ, ಆದರೆ ಸೀಸ ಹೀರಿದ ವೈರು ಕಡ್ಡಿಯಾಗಿ, ಅದು ಮುಗಿಯುವ ಅಂಚಿನಲ್ಲೇ ಇಂಜಿನ್ ನಡುಕಕ್ಕೆ ಮುರಿಯುತ್ತದೆ. ತಿರುಚಿ ಕಪ್ಪು ಟೇಪು ಸುತ್ತುವುದು ಮನೆ ಸೀರಿಯಲ್ ಸೆಟ್ಟಿಗೆ ಸರಿ, ಇಲ್ಲಿಗಲ್ಲ.

ಪ್ರಶ್ನೆ: ಕ್ಲಚ್ ಪ್ಲೇಟ್ ಬದಲಿಸಿದ ಮಾರನೇ ದಿನದಿಂದ ಹೆಡ್‌ಲೈಟ್ ಹಾಕಿದರೆ ಐಡ್ಲಿಂಗ್ ಕುಸಿಯುತ್ತದೆ, ಕೆಲವು ಸಲ ಬಂದ್ ಆಗುತ್ತದೆ. ಪಿ0562, ಪಿ0171, ಪಿ0506 ಮೂರೂ ಒಟ್ಟಿಗೆ ಬಂದಿವೆ. ಬ್ಯಾಟರಿ ಹೊಸದು. ಅರ್ತ್ ವೈರನ್ನು ಮೀಟರಿನಲ್ಲಿ ನೋಡಿದ್ದೇವೆ, ಸೊನ್ನೆ ಓಮ್, ಅಂದರೆ ಸರಿ ಇದೆ. ಮತ್ತೇನು? (ಓದುಗರು, ಮೈಸೂರು)

ಉತ್ತರ: ಅರ್ತೇ. ಸೊನ್ನೆ ಓಮ್ ನಂಬಿ ಮೋಸ ಹೋಗಿದ್ದೀರಿ.

ಮೂರು ಕೋಡನ್ನೂ ಬಿಡಿಬಿಡಿಯಾಗಿ ಓದಬೇಡಿ. ಪಿ0562 ಎಂದರೆ ಸಿಸ್ಟಂ ವೋಲ್ಟೇಜ್ ಕಡಿಮೆ, ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಪಿ0506 ಎಂದರೆ ಐಡ್ಲಿಂಗ್ ಇರಬೇಕಾದ್ದಕ್ಕಿಂತ ಕೆಳಗೆ. ಮೊದಲನೆಯದು ಕಾರಣ, ಉಳಿದೆರಡು ಅದರ ಹಿಂಬಾಲಕರು. ವೋಲ್ಟೇಜ್ ಕುಸಿದರೆ ಪೆಟ್ರೋಲ್ ಪಂಪ್ ನಿಧಾನವಾಗುತ್ತದೆ, ಇಂಜೆಕ್ಟರ್ ತೆರೆಯುವುದೂ ತಡವಾಗುತ್ತದೆ. ಬ್ಯಾಟರಿ ವೋಲ್ಟ್ ನೋಡಿಕೊಂಡು ಇಸಿಎಂ ಇಂಜೆಕ್ಟರಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತದೆ ನಿಜ. ಆದರೆ ತನಗೆ ಕಂಡ ವೋಲ್ಟೇ ಇಂಜೆಕ್ಟರಿಗೂ ಸಿಗುತ್ತಿದೆ ಎಂದು ಅದರ ಲೆಕ್ಕ. ಆ ಲೆಕ್ಕ ತಪ್ಪಿದಾಗ ಪೆಟ್ರೋಲ್ ಕಡಿಮೆ ಬೀಳುತ್ತದೆ.

ಗೇರ್‌ಬಾಕ್ಸ್ ಇಳಿಸುವಾಗ ಅದರ ಮೈಯಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ಅಥವಾ ದಪ್ಪ ಕಪ್ಪು ವೈರನ್ನು ಬಿಚ್ಚಲೇಬೇಕು. ವಾಪಸ್ ಹಾಕುವಾಗ ಮರೆಯುತ್ತಾರೆ, ಇಲ್ಲವೇ ಬಣ್ಣದ ಮೇಲೆ, ಗ್ರೀಸಿನ ಮೇಲೆ ಬೋಲ್ಟ್ ಬಿಗಿಯುತ್ತಾರೆ. ಆಲ್ಟರ್ನೇಟರ್ ಕೂತಿರುವುದು ಇಂಜಿನ್ ಮೇಲೆ, ಹೆಡ್‌ಲೈಟಿನ ಅರ್ತ್ ಇರುವುದು ಬಾಡಿಯ ಮೇಲೆ. ಲೈಟಿನ ಕರೆಂಟ್ ಆಲ್ಟರ್ನೇಟರಿಗೆ ಮರಳುವ ದಾರಿ ಆ ಪಟ್ಟಿಯೇ. ಅಲ್ಲಿ ತಡೆ ಇದ್ದರೆ ಲೈಟ್ ಹಾಕಿದ ಕ್ಷಣ ವೋಲ್ಟ್ ಬೀಳುತ್ತದೆ.

ಓಮ್ ಮೀಟರ್ ವೈರಿನಲ್ಲಿ ಹರಿಸುವುದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು. ಸೆಲ್ಫ್ ಮೋಟರ್ ಎಳೆಯುವುದು ನೂರೈವತ್ತು ಆಂಪಿಯರ್ ಆಸುಪಾಸು. 0.02 ಓಮ್ ತಡೆ ಮೀಟರಿಗೆ ಕಾಣುವುದೇ ಇಲ್ಲ, ಮೀಟರಿನ ವೈರುಗಳದ್ದೇ ಅದಕ್ಕಿಂತ ಹೆಚ್ಚು ಇರುತ್ತದೆ. ಆದರೆ 150 ಆಂಪಿಯರಿಗೆ ಅಷ್ಟು ತಡೆಯೇ 3 ವೋಲ್ಟ್ ನುಂಗುತ್ತದೆ. ಆದ್ದರಿಂದ ಅರ್ತನ್ನು ಕೆಲಸ ಮಾಡುತ್ತಿರುವಾಗಲೇ, ವೋಲ್ಟಿನಲ್ಲೇ ಅಳೆಯಬೇಕು.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ನ ಸೀಸದ ಗುಬುಟಿನ ಮೇಲೇ ಒತ್ತಿ, ಕ್ಲ್ಯಾಂಪ್ ಮೇಲಲ್ಲ. ಕೆಂಪನ್ನು ಇಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ. ಪಂಪಿನ ಫ್ಯೂಸ್ ತೆಗೆದಿಟ್ಟು ಐದು ಸೆಕೆಂಡು ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗೆ ಇದ್ದರೆ ಒಳ್ಳೆಯದು, 0.5 ದಾಟಿದರೆ ದೋಷ ಖಚಿತ. ಫ್ಯೂಸ್ ವಾಪಸ್ ಹಾಕಿ ಇಂಜಿನ್ ಚಾಲೂ ಮಾಡಿ, ಹೈಬೀಮ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್ ಮಾಡಿ ಮತ್ತೆ ನೋಡಿ. ಬ್ಲಾಕಿನಲ್ಲೂ ಬಾಡಿಯಲ್ಲೂ 0.1ರ ಒಳಗಿರಬೇಕು. ಇಸಿಎಂ ಕಪ್ಲರಿನ ಅರ್ತ್ ಪಿನ್ನಿಗೆ ಹಿಂದಿನಿಂದ ಸೂಜಿ ತೂರಿಸಿ ನೋಡಿದರೆ 0.05 ವೋಲ್ಟ್ ಮೀರಬಾರದು. ಹೆಚ್ಚು ಬಂದರೆ ಕೆಂಪು ಕಡ್ಡಿಯನ್ನು ಗುಬುಟಿನಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ವೈರಿನ ಲಗ್ಗಿಗೆ (ತುದಿಯ ಲೋಹದ ಉಂಗುರ), ಲಗ್ಗಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಬಾಡಿಗೆ ಹೆಜ್ಜೆ ಹೆಜ್ಜೆಯಾಗಿ ಸರಿಸಿ. ಎಲ್ಲಿ ಅಂಕಿ ಹಾರುತ್ತದೋ ಅಲ್ಲೇ ಕಸ.

ಇಷ್ಟೆಲ್ಲ ಪುರುಸೊತ್ತಿಲ್ಲದಿದ್ದರೆ ಒಂದು ಜಂಪರ್ ಕೇಬಲನ್ನು ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕಿಗೆ, ಇನ್ನೊಂದನ್ನು ಬ್ಲಾಕಿನಿಂದ ಬಾಡಿಗೆ ಕೊಡಿ. ಹೆಡ್‌ಲೈಟ್ ಹಾಕಿದರೂ ಐಡ್ಲಿಂಗ್ ಅಲುಗದಿದ್ದರೆ ಎರಡೇ ನಿಮಿಷದಲ್ಲಿ ಉತ್ತರ ಸಿಕ್ಕಿತು. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಅಥವಾ ಗೇರ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ದಾರಿ ಸಿಗದ ಕರೆಂಟು ಅದರ ಮೂಲಕ ಮರಳುತ್ತಿದೆ. ಒಂದು ದಿನ ಕೇಬಲ್ಲಿನ ಒಳಪದರ ಕರಗಿ ಹಿಡಿದುಕೊಳ್ಳುತ್ತದೆ.

ರಿಪೇರಿ ಸುಲಭ. ಬೋಲ್ಟ್ ಬಿಚ್ಚಿ ಲಗ್ಗನ್ನೂ ಅದು ಕೂರುವ ಜಾಗವನ್ನೂ ಮರಳುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಗ್ರೀಸು, ಬಣ್ಣ ಏನಿದ್ದರೂ ಬಿಗಿದ ಮೇಲೆ, ಹೊರಗಡೆ. ಪಟ್ಟಿಯ ಎಳೆಗಳು ಹಸಿರಾಗಿ ಉದುರುತ್ತಿದ್ದರೆ 16 ಚದರ ಮಿ.ಮೀ.ಗಿಂತ ಕಡಿಮೆಯಿಲ್ಲದ ಹೊಸದನ್ನು ಹಾಕಿ.

ಪ್ರಶ್ನೆ: ಬಿಎಸ್6 ಹೋಂಡಾ ಸ್ಕೂಟರ್. ಪೈಪು ಹಿಡಿದು ತೊಳೆಸಿದ ಸಂಜೆಯಿಂದ ಸ್ಟಾರ್ಟೇ ಇಲ್ಲ. ಇಂಜಿನ್ ಲೈಟ್ ಮಿಣುಕುತ್ತದೆ. ನಮ್ಮೂರಲ್ಲಿ ಸ್ಕ್ಯಾನರ್ ಇಟ್ಟವರಿಲ್ಲ. (ಓದುಗರು, ಕುಂದಾಪುರ)

ಉತ್ತರ: ಮಿಣುಕುವುದೇ ನಿಮ್ಮ ಸ್ಕ್ಯಾನರ್, ಎಣಿಸಿದರಾಯಿತು. ಹೋಂಡಾದ ಇಂಜೆಕ್ಷನ್ ವ್ಯವಸ್ಥೆಯಾದ ಪಿಜಿಎಂ-ಎಫ್‌ಐ ಗಾಡಿಗಳಲ್ಲಿ ಉದ್ದ ಮಿಣುಕಿಗೆ ಹತ್ತು, ಚಿಕ್ಕದಕ್ಕೆ ಒಂದು. ಒಂದು ಉದ್ದ, ಎರಡು ಚಿಕ್ಕ ಎಂದರೆ 12, ಅಂದರೆ ಇಂಜೆಕ್ಟರ್ ಸರ್ಕ್ಯೂಟ್. 1 ಬಂದರೆ ಮ್ಯಾಪ್ (ಒಳಬರುವ ಗಾಳಿಯ ಒತ್ತಡದ) ಸೆನ್ಸರ್, 7 ಇಂಜಿನ್ ಉಷ್ಣತೆಯ ಸೆನ್ಸರ್, 8 ಥ್ರಾಟಲ್, 9 ಒಳಬರುವ ಗಾಳಿಯ ಉಷ್ಣತೆ, 21 ಆಕ್ಸಿಜನ್ ಸೆನ್ಸರ್, 54 ಗಾಡಿ ಬಿದ್ದಾಗ ಇಂಜಿನ್ ನಿಲ್ಲಿಸುವ ಸೆನ್ಸರ್. ಮಾಡೆಲ್ಲಿಗೆ ತಕ್ಕಂತೆ ಪಟ್ಟಿ ಸ್ವಲ್ಪ ಬದಲಾಗುತ್ತದೆ, ನಿಮ್ಮದರ ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಒಮ್ಮೆ ಹೋಲಿಸಿ.

ತೊಳೆದ ಮೇಲೆ ಬಂದ ತೊಂದರೆ ಎಂದರೆ ಕಪ್ಲರಿನೊಳಗೆ ನೀರು. ಚಾವಿ ಆಫ್ ಮಾಡಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಎಣಿಕೆಯಲ್ಲಿ ಬಂದ ಕಪ್ಲರನ್ನು ಲಾಕ್ ಒತ್ತಿ ತೆಗೆಯಿರಿ. ವೈರು ಹಿಡಿದು ಎಳೆಯಬೇಡಿ. ಪಿನ್ನಿನ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದೆಯೇ ನೋಡಿ. ಕರಾವಳಿಯ ಉಪ್ಪು ಗಾಳಿಗೆ ಇದು ಬೇಗ ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಮೃದು ಬ್ರಷ್‌ನಲ್ಲಿ ಉಜ್ಜಿ, ಒಣಗಲು ಕಾಲು ಗಂಟೆ ಬಿಡಿ. ಪೆಟ್ರೋಲ್, ಸೀಮೆಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಸೀಲ್ ಊದಿಕೊಂಡು ಮುಂದಿನ ಸಲ ನೀರು ಇನ್ನೂ ಸಲೀಸಾಗಿ ಒಳಗೆ ಬರುತ್ತದೆ. ಒಣಗಿದ ಮೇಲೆ ಸೀಲಿಗೆ ಮಾತ್ರ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಟಕ್ ಎನ್ನುವವರೆಗೆ ಒತ್ತಿ.

ಲೈಟ್ ಏನನ್ನೂ ಎಣಿಸದಿದ್ದರೆ ಚಾವಿ ಆನ್ ಮಾಡಿದಾಗ ಪಂಪಿನ ಜುಯ್ ಸದ್ದು ಒಂದೆರಡು ಸೆಕೆಂಡು ಬರುತ್ತದೆಯೇ ಕೇಳಿ. ಅದೂ ಇಲ್ಲದಿದ್ದರೆ ಫ್ಯೂಸ್, ಬ್ಯಾಟರಿ. ಇಂಜೆಕ್ಷನ್ ಸ್ಕೂಟರಿನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವು ಅಷ್ಟೇ. ಪಂಪು, ಇಸಿಎಂ ಎರಡಕ್ಕೂ ಮೊದಲು ಕರೆಂಟು ಬೇಕು. ನಿಂತ ಗಾಡಿಯಲ್ಲಿ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿದ ಮೇಲೆಯೇ ಮುಂದಿನ ತನಿಖೆ.

ಪ್ರಶ್ನೆ: ನಂದು ಡೀಸೆಲ್ ಟ್ಯಾಕ್ಸಿ ಐತ್ರಿ. ಬಿಸಿ ಆದ ಮ್ಯಾಲ ಎಲ್ಲಿ ಬೇಕಲ್ಲೆ ಬಂದ್ ಬೀಳತೈತಿ. ಅರ್ಧ ತಾಸು ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗೇ ಇಲ್ಲ ಅನ್ನೂ ಹಂಗ ಚಾಲೂ ಆಗತೈತಿ. ಕೋಡ್ ಪಿ0335. ಕ್ರ್ಯಾಂಕ್ ಸೆನ್ಸರ್ ಎರಡ್ ಸಲ ಬದಲಿ ಮಾಡೇನ್ರಿ. (ಟ್ಯಾಕ್ಸಿ ಚಾಲಕರು, ಹುಬ್ಬಳ್ಳಿ)

ಉತ್ತರ: ಪಿ0335 ಎಂದರೆ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ. ಎರಡು ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂದರೆ ಮೂರನೆಯದನ್ನು ಕೊಳ್ಳುವ ಮೊದಲು ಅದರ ಕಪ್ಲರ್ ಮತ್ತು ವೈರಿನ ಕಡೆ ತಿರುಗಿ. ಗಾಡಿ ನಿಂತ ಕೂಡಲೇ, ಬಿಸಿ ಇರುವಾಗಲೇ, ಸ್ಕ್ಯಾನರ್ ಹಚ್ಚಿ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಬೇಕು. ಇಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸಿಗ್ನಲ್ ಇಲ್ಲ. 200ರ ಆಸುಪಾಸು ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ನಿರಪರಾಧಿ. ಆಗ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ) ನೋಡಿ. ಸ್ಟಾರ್ಟ್ ಆಗಲು ಸಾಮಾನ್ಯವಾಗಿ 150ರಿಂದ 250 ಬಾರ್ ಬೇಕು. ಅದು ಏರದಿದ್ದರೆ ಜಾಡು ಪಂಪು, ಇಂಜೆಕ್ಟರಿನ ವಾಪಸಾತಿ ಸೋರಿಕೆಯ ಕಡೆಗೆ ಹೋಗುತ್ತದೆ.

ಸೆನ್ಸರಿಗೆ ಎರಡು ವೈರಿದ್ದರೆ ಅದು ಸಾಮಾನ್ಯವಾಗಿ ಸುರುಳಿಯದು. ತಣ್ಣಗಿದ್ದಾಗ ಓಮ್ ಬರೆದಿಟ್ಟುಕೊಂಡು ಬಿಸಿಯಲ್ಲಿ ಮತ್ತೆ ಅಳೆಯಿರಿ. ಸ್ವಲ್ಪ ಏರುವುದು ಸಹಜ, ಅನಂತಕ್ಕೆ ಹೋದರೆ ಸುರುಳಿ ಒಡೆದಿದೆ. ಮೀಟರನ್ನು ಎಸಿ ವೋಲ್ಟಿಗಿಟ್ಟು ಸೆಲ್ಫ್ ಹೊಡೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬೇಕು. ಮೂರು ವೈರಿದ್ದರೆ ಹೆಚ್ಚಾಗಿ ಹಾಲ್ (ಅಯಸ್ಕಾಂತದ ಬಲ ಗುರುತಿಸುವ ಚಿಪ್ ಇರುವ) ಸೆನ್ಸರ್: ಒಂದರಲ್ಲಿ 5 ವೋಲ್ಟ್ (ಕೆಲವದರಲ್ಲಿ 12), ಒಂದು ಅರ್ತ್, ಒಂದು ಸಿಗ್ನಲ್. ಹಾಲ್ ಸೆನ್ಸರನ್ನು ಓಮಿನಲ್ಲಿ ಅಳೆಯುವುದು ವ್ಯರ್ಥ.

ನಿಮ್ಮ ಲಕ್ಷಣಕ್ಕೆ ಅತಿ ಹತ್ತಿರದ್ದು ಕಪ್ಲರಿನ ಹೆಣ್ಣು ಪಿನ್ನು ಸಡಿಲವಾಗಿರುವುದು. ಎರಡು ಸಲ ಸೆನ್ಸರ್ ಬದಲಿಸಿದಾಗ ಎಳೆದು ಹಾಕಿ ಇನ್ನಷ್ಟು ಹಿಗ್ಗಿರುತ್ತದೆ. ತಣ್ಣಗಿದ್ದಾಗ ತಾಗಿಕೊಂಡಿರುತ್ತದೆ, ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಕೈಬಿಡುತ್ತದೆ. ಅಳೆಯಲು ಮೀಟರ್ ಬೇಕಿಲ್ಲ. ಹಳೆಯ ಸೆನ್ಸರಿನ ಗಂಡು ಪಿನ್ನೊಂದನ್ನು ಕತ್ತರಿಸಿಕೊಂಡು ಒಂದೊಂದೇ ಹೆಣ್ಣು ಪಿನ್ನಿಗೆ ತೂರಿಸಿ, ಎಳೆಯಿರಿ. ಬಿಗಿಯಾಗಿ ಹಿಡಿದು ಬಿಡಬೇಕು; ಬೆಣ್ಣೆಯಿಂದ ಕೂದಲು ಎಳೆದಂತೆ ಬಂದರೆ ಆ ಪಿನ್ನು ಬದಲಿಸಿ. ಜೊತೆಗೆ ವೈರು ಎಕ್ಸಾಸ್ಟ್ ಪೈಪಿನ ಹತ್ತಿರ ಹಾದಿದೆಯೇ, ಮೇಲಿನ ಜಾಲರಿ ಕವಚ ಇಸಿಎಂ ಕಡೆ ಮಾತ್ರ ಅರ್ತ್ ಆಗಿದೆಯೇ, ಸೆನ್ಸರ್ ಮೂತಿಗೆ ಕಬ್ಬಿಣದ ಪುಡಿ ಅಂಟಿದೆಯೇ ನೋಡಿ.

ಪೆಟ್ರೋಲ್ ಗಾಡಿಗೆ ಹೇಳಿದ ಎಲ್‌ಇಡಿ ಪರೀಕ್ಷೆಯನ್ನು ಡೀಸೆಲ್ ಇಂಜೆಕ್ಟರಿನ ಮೇಲೆ ಮಾಡಲೇಬೇಡಿ. ಕಾಮನ್ ರೈಲ್ ಇಂಜೆಕ್ಟರಿಗೆ ಇಸಿಎಂ 60 ವೋಲ್ಟಿಗೂ ಹೆಚ್ಚಿನ ಹೊಡೆತ ಕೊಡುತ್ತದೆ. ಇಂಜಿನ್ ಓಡುವಾಗ ಅದರ ಕಪ್ಲರ್ ಕೀಳಬಾರದು, ಪೈಪಿನ ನಟ್ ಸಡಿಲಿಸಲೂಬಾರದು. ಸಾವಿರ ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ.

ಪ್ರಶ್ನೆ: ಚಾವಿ ಆನ್ ಮಾಡಿದ ಕೂಡಲೇ ರೇಡಿಯೇಟರ್ ಫ್ಯಾನ್ ತಿರುಗುತ್ತದೆ, ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ. ಕೋಡ್ ಪಿ0118. (ಓದುಗರು, ಹಾಸನ)

ಉತ್ತರ: ಕೂಲೆಂಟಿನ (ಇಂಜಿನ್ ತಣಿಸುವ ದ್ರವ) ಉಷ್ಣತೆ ಅಳೆಯುವ ಸೆನ್ಸರಿನ ವೈರು ತುಂಡು, ಇಲ್ಲವೇ ಸೆನ್ಸರ್ ಒಳಗೆ ಒಡೆದಿದೆ. ತಣ್ಣಗಿದ್ದಾಗ ಈ ಸೆನ್ಸರಿನ ತಡೆ ಹೆಚ್ಚು (20 ಡಿಗ್ರಿಯಲ್ಲಿ ಸಾಮಾನ್ಯವಾಗಿ 2ರಿಂದ 3 ಕಿಲೋ ಓಮ್), ಬಿಸಿಯಾದಂತೆ ಇಳಿಯುತ್ತದೆ (80 ಡಿಗ್ರಿಗೆ ಸುಮಾರು 300 ಓಮ್). ವೈರು ತುಂಡಾದರೆ ಇಸಿಎಂಗೆ ಕಾಣುವುದು ಮೈನಸ್ 40 ಡಿಗ್ರಿ. ಇದು ಸುಳ್ಳು ಎಂದು ಅದಕ್ಕೂ ಗೊತ್ತು, ಅದಕ್ಕೇ ಜೋಪಾನಕ್ಕೆ ಫ್ಯಾನ್ ಹಾಕಿಬಿಡುತ್ತದೆ. ಕಪ್ಲರ್ ತೆಗೆದು ಅದರ ಎರಡು ಪಿನ್ನನ್ನು ಸಣ್ಣ ವೈರಿನಿಂದ ಕೂಡಿಸಿ. ಸ್ಕ್ಯಾನರಿನಲ್ಲಿ ಉಷ್ಣತೆ 130 ಡಿಗ್ರಿಗೂ ಮೇಲೆ ಹಾರಿದರೆ ವೈರು, ಇಸಿಎಂ ಎರಡೂ ಸರಿ, ಸೆನ್ಸರ್ ಬದಲಿಸಿ. ಅಲುಗದಿದ್ದರೆ ವೈರು ಹುಡುಕಿ. ಈ ಉಪಾಯ ಎರಡು ವೈರಿನ ಉಷ್ಣತೆ ಸೆನ್ಸರಿಗೆ ಮಾತ್ರ. ಮೂರು ವೈರಿನದಕ್ಕೆ ಮಾಡಿದರೆ 5 ವೋಲ್ಟ್ ಲೈನು ಅರ್ತಾಗಿ ಬೇರೆ ಸೆನ್ಸರ್‌ಗಳೂ ಮಲಗುತ್ತವೆ.

ಪ್ರಶ್ನೆ: ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್. ಗ್ಯಾಸಿನಲ್ಲಿ ಚೆನ್ನಾಗಿ ಓಡುತ್ತದೆ. ಪೆಟ್ರೋಲಿಗೆ ಹಾಕಿದರೆ ಬಂದ್, ಪಿ0201ರಿಂದ ಪಿ0204 ನಾಲ್ಕೂ ಕೋಡ್. (ಕ್ಯಾಬ್ ಚಾಲಕರು, ಬೆಂಗಳೂರು)

ಉತ್ತರ: ನಾಲ್ಕು ಇಂಜೆಕ್ಟರ್ ಒಂದೇ ದಿನ ಕೆಡುವುದಿಲ್ಲ. ನಾಲ್ಕಕ್ಕೂ ಸಾಮಾನ್ಯವಾಗಿ ಏನಿದೆ ಎಂದು ಕೇಳಿ: 12 ವೋಲ್ಟ್ ಸಪ್ಲೈ, ಅದರ ಫ್ಯೂಸ್, ಮತ್ತು ನಿಮ್ಮ ಗಾಡಿಯಲ್ಲಿ ಕಿಟ್ಟಿನ ಎಮ್ಯುಲೇಟರ್. ಸೀಕ್ವೆನ್ಷಿಯಲ್ (ಪ್ರತಿ ಸಿಲಿಂಡರಿಗೆ ಬೇರೆ ಬೇರೆಯಾಗಿ ಗ್ಯಾಸ್ ಕೊಡುವ) ಕಿಟ್ ಕೂರಿಸುವಾಗ ಪ್ರತಿ ಪೆಟ್ರೋಲ್ ಇಂಜೆಕ್ಟರಿನ ವೈರು ಕತ್ತರಿಸಿ ಎಮ್ಯುಲೇಟರ್ ಮೂಲಕ ಹಾಯಿಸುತ್ತಾರೆ. ನಾಲ್ಕು ಕಡಿತ, ಎಂಟು ಜಾಯಿಂಟು. ಗ್ಯಾಸಿನಲ್ಲಿ ಓಡುವಾಗ ಎಮ್ಯುಲೇಟರ್ ತಾನೇ ಇಂಜೆಕ್ಟರ್ ಎಂದು ನಟಿಸುವುದರಿಂದ ಇಸಿಎಂ ಕೋಡ್ ಬರೆಯುವುದಿಲ್ಲ. ಪೆಟ್ರೋಲಿಗೆ ಬಂದಾಗ ನಿಜವಾದ ದಾರಿ ತೆರೆಯಬೇಕು, ಅದು ತೆರೆಯುತ್ತಿಲ್ಲ.

ಮೊದಲು ಇಂಜೆಕ್ಟರ್ ಕಪ್ಲರಿನಲ್ಲಿ ಸಪ್ಲೈ ನೋಡಿ. ಇದ್ದರೆ ಕಿಟ್ಟಿನ ಇಂಜೆಕ್ಟರ್ ಸಾಕೆಟ್ ತೆಗೆದು, ಕತ್ತರಿಸಿದ ನಾಲ್ಕು ಜೋಡಿ ತುದಿಗಳನ್ನು ಆಯಾ ಸಿಲಿಂಡರಿಗೆ ಸರಿಯಾಗಿ ನೇರ ಕೂಡಿಸಿ. ಕೆಲವು ಕಿಟ್ಟಿಗೆ ಇದಕ್ಕೆಂದೇ ಬೈಪಾಸ್ ಸಾಕೆಟ್ ಸಿಗುತ್ತದೆ. ಪೆಟ್ರೋಲಿನಲ್ಲಿ ಓಡಿದರೆ ತಪ್ಪು ಕಿಟ್ ಕಡೆಯದು: ಸಾಕೆಟ್ಟಿನ ಪಿನ್ನು, ಕಿಟ್ಟಿನ ಅರ್ತ್, ಕೊನೆಗೆ ಅದರದ್ದೇ ಕಂಪ್ಯೂಟರ್ (ಇಸಿಯು). ಕೂಡಿಸಿದರೂ ಓಡದಿದ್ದರೆ ಎಂಟು ಜಾಯಿಂಟುಗಳ ಟೇಪು ಬಿಚ್ಚಿ ನೋಡಿ.

ಪ್ರಶ್ನೆ: ಪೆಟ್ರೋಲ್ ಪಂಪಿನ 15 ಆಂಪಿಯರ್ ಫ್ಯೂಸ್ ವಾರಕ್ಕೊಮ್ಮೆ ಹೋಗುತ್ತದೆ, ಹೆಚ್ಚಾಗಿ ಹಂಪ್ ಹಾರಿದಾಗ. 30ರದ್ದು ಹಾಕಿ ನೋಡಿ ಎನ್ನುತ್ತಾರೆ. (ಓದುಗರು, ಚಿತ್ರದುರ್ಗ)

ಉತ್ತರ: ಹಾಕಿದರೆ ಫ್ಯೂಸ್ ಬದಲು ವೈರು ಉರಿಯುತ್ತದೆ. ಆ ವೈರು ಹೋಗುವುದು ಪೆಟ್ರೋಲ್ ಟ್ಯಾಂಕಿಗೆ. ಇಷ್ಟು ಹೇಳಿದರೆ ಸಾಕು.

ಹಂಪಿಗೆ ಹೋಗುತ್ತದೆ ಎಂದರೆ ವೈರು ಎಲ್ಲೋ ಲೋಹಕ್ಕೆ ಉಜ್ಜುತ್ತಿದೆ. ಫ್ಯೂಸ್ ಸುಡುತ್ತಾ ಹುಡುಕುವ ಬದಲು ಬಲ್ಬಿನಿಂದ ಹುಡುಕಿ. ಹಿಂದಿನ ಸೀಟಿನಡಿ ಪಂಪಿನ ಕಪ್ಲರ್ ತೆಗೆದಿಡಿ, ಇಲ್ಲದಿದ್ದರೆ ಪಂಪಿನ ಕರೆಂಟಿಗೂ ಬಲ್ಬು ಉರಿದು ಗೊಂದಲವಾಗುತ್ತದೆ. ಫ್ಯೂಸ್ ತೆಗೆದು ಆ ಎರಡು ಕಾಲುಗಳ ಜಾಗಕ್ಕೆ 21 ವ್ಯಾಟ್ ಬಲ್ಬು ಜೋಡಿಸಿ. ಪಂಪ್ ರಿಲೇ ತೆಗೆದು ಅದರ ಸಾಕೆಟ್ಟಿನ 30 ಮತ್ತು 87ನೇ ನಂಬರಿನ ಜಾಗಗಳನ್ನು ಸಣ್ಣ ವೈರಿನಿಂದ ಕೂಡಿಸಿ. ಚಾವಿ ಆನ್ ಇರಲಿ. ಈಗ ಬಲ್ಬು ಉರಿಯಬಾರದು. ಒಬ್ಬರು ಬಲ್ಬು ನೋಡುತ್ತಿರಲಿ, ಇನ್ನೊಬ್ಬರು ಫ್ಯೂಸ್ ಬಾಕ್ಸಿನಿಂದ ಹಿಂದಿನ ಸೀಟಿನವರೆಗೆ ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬರಲಿ, ಸೀಟು ಹಿಂದೆ ಮುಂದೆ ಸರಿಸಲಿ. ಬಲ್ಬು ಫಕ್ಕೆಂದು ಹತ್ತಿದ ಕಡೆ ವೈರಿನ ಮೈ ಸವೆದಿದೆ. ಮುಂಬಾಗಿಲ ಹೊಸ್ತಿಲ ಪಟ್ಟಿಯಡಿ, ಸೀಟ್ ರೈಲಿನ ಬೋಲ್ಟ್ ಪಕ್ಕ, ಬಾಡಿಯ ತೂತಿನಲ್ಲಿ ರಬ್ಬರ್ ಗ್ರೊಮೆಟ್ ಕಳಚಿದ ಜಾಗ, ಹೊಸ ಸೀಟ್ ಕವರ್ ಅಥವಾ ಸ್ಪೀಕರ್ ಹಾಕಿದವರು ಸ್ಕ್ರೂ ಹೊಡೆದ ಕಡೆ ಮೊದಲು ನೋಡಿ.

ಎಷ್ಟು ಅಲುಗಾಡಿಸಿದರೂ ಬಲ್ಬು ಹತ್ತದಿದ್ದರೆ ಪಂಪಿನ ಮೇಲೆ ಗುಮಾನಿ. ಬಲ್ಬು ತೆಗೆದು ಪಂಪಿನ ಕಪ್ಲರ್ ಹಾಕಿ, ಫ್ಯೂಸಿನ ಜಾಗದಲ್ಲಿ ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಜೋಡಿಸಿ ಓಡಿಸಿ. ಈ ಗಾತ್ರದ ಕಾರಿನ ಪಂಪು ಸಾಮಾನ್ಯವಾಗಿ 4ರಿಂದ 7 ಆಂಪಿಯರ್ ಎಳೆಯುತ್ತದೆ. 9, 10ರ ಹತ್ತಿರ ಹೋದರೆ ಕೂಡಲೇ ನಿಲ್ಲಿಸಿ. ಪಂಪು ಬಿಗಿಯಾಗಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಸವೆದ ವೈರು ಸಿಕ್ಕರೆ ಟೇಪು ಸುತ್ತಿ ಅಲ್ಲೇ ಬಿಡಬೇಡಿ. ಮೊದಲ ಉತ್ತರದಲ್ಲಿ ಹೇಳಿದಂತೆ ತುಂಡು ಹಾಕಿ, ಆದರೆ ಪಂಪಿನ ವೈರಿಗೆ 1.5 ಚದರ ಮಿ.ಮೀ.ಗಿಂತ ತೆಳ್ಳಗಿನದು ಸಲ್ಲ. ಮೇಲೆ ಸುಕ್ಕು ಪೈಪು ತೊಡಿಸಿ, ಉಜ್ಜುತ್ತಿದ್ದ ಅಂಚಿನಿಂದ ಎರಡು ಬೆರಳು ದೂರಕ್ಕೆ ಕ್ಲಿಪ್ ಹಾಕಿ ಕಟ್ಟಿ.